ಎರಡು ಹಿತ್ತಿಲು, ಒಬ್ಬ ರಾಯಭಾರಿ

ತಿಪಟೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆ, ಚಿಕ್ಕಪ್ಪನ ಮನೆ ಎರಡೂ ಅಕ್ಕಪಕ್ಕ. ಮೊದಲು ಒಂದೇ ಮನೆಯಾಗಿತ್ತು. ಪಾಲಾದ ಮೇಲೆ ಹಿತ್ತಿಲಿನ ನಡುವೆ ಗೋಡೆ ಎದ್ದಿತು. ದೊಡ್ಡಪ್ಪ, ಚಿಕ್ಕಪ್ಪ ಈಗಲೂ ಬೆಳಿಗ್ಗೆ ಒಂದೇ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾರೆ. ಮಾತು ಬಿಟ್ಟಿರುವುದು ದೊಡ್ಡಮ್ಮ ಮತ್ತು ಚಿಕ್ಕಮ್ಮ. ಇಪ್ಪತ್ತೆರಡು ವರ್ಷ ಆಯಿತು. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಒಂದರಲ್ಲಿ ಇಡ್ಲಿ ಪಾತ್ರೆ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ನೀವಿಬ್ಬರು ಅಣ್ಣತಮ್ಮಂದಿರು ಸೇರಿ ಇದನ್ನು ಬಗೆಹರಿಸಬಾರದಾ ಅಂತ ಒಮ್ಮೆ ಕೇಳಿದೆ. ಇಬ್ಬರೂ ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದರು.

ನಮ್ಮಪ್ಪ ನಡುವಿನವರು. ತಮ್ಮ ಪಾಲನ್ನು ದುಡ್ಡಿನಲ್ಲಿ ತಗೊಂಡು ಬೆಂಗಳೂರು ಸೇರಿದರು. ದುಡ್ಡು ಖರ್ಚಾಯಿತು. ನನಗೆ ಬಂದ ಪಿತ್ರಾರ್ಜಿತ ಅಂದರೆ ಎರಡೂ ಮನೆಯಲ್ಲಿ ಕಾಫಿ ಕುಡಿಯುವ ಹಕ್ಕು ಮಾತ್ರ. ಆ ಕಾಫಿಯ ಋಣಕ್ಕೇ ನಾನು ಇಪ್ಪತ್ತೆರಡು ವರ್ಷದಿಂದ ಗೋಡೆಯ ಆ ಕಡೆಗೂ ಈ ಕಡೆಗೂ ರಾಯಭಾರಿ. ಸಂಬಳ ಇಲ್ಲ. ಎರಡೂ ಕಡೆಯಿಂದ ಬೈಗುಳ ಮಾತ್ರ ತಪ್ಪದೆ ಬರುತ್ತದೆ.

ಇದೇ ಕೆಲಸವನ್ನು ನನಗಿಂತ ಎರಡು ವರ್ಷ ಜಾಸ್ತಿ ಮಾಡಿದ ಒಬ್ಬರಿದ್ದರು. ಅನತೋಲಿ ದೊಬ್ರಿನಿನ್ ಅಂತ. ವಾಷಿಂಗ್ಟನ್ನಿನಲ್ಲಿ ಸೋವಿಯತ್ ರಾಯಭಾರಿ. 1962ರಲ್ಲಿ ಅಲ್ಲಿಗೆ ಹೋದವರು 1986ರವರೆಗೂ ಕದಲಲಿಲ್ಲ. ಕೆನಡಿ, ಜಾನ್ಸನ್, ನಿಕ್ಸನ್, ಫೋರ್ಡ್, ಕಾರ್ಟರ್, ರೇಗನ್ ಅಂತ ಆರು ಅಧ್ಯಕ್ಷರು ಬಂದರು. ದೊಬ್ರಿನಿನ್ ಸಾಹೇಬರು ಮಾತ್ರ ಅವರೇ. ಅವರು ಓದಿದ್ದು ವಿಮಾನದ ಎಂಜಿನಿಯರಿಂಗ್. 1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಪಕ್ಷದವರು ಕರೆಸಿ ರಾಜತಾಂತ್ರಿಕರ ಶಾಲೆಗೆ ಹೋಗು ಅಂದರು. ಇಷ್ಟ ಇದೆಯೋ ಇಲ್ಲವೋ ಅಂತ ಕೇಳಲಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ಅವರ ಆತ್ಮಕಥೆ ಓದುವಾಗ ನಾನು ಪುಟಕ್ಕೊಂದು ಸಲ 'ಅಯ್ಯೋ ಹೌದು ಸಾರ್' ಅಂದಿದ್ದೇನೆ.

ಹೋದ ದಸರಾ ರಜೆಯ ವಿಷಯಕ್ಕೆ ಬರ್ತೀನಿ. ತಿಪಟೂರಿನಲ್ಲಿ ರೈಲಿಳಿದು ಇನ್ನೂ ಕೈಕಾಲು ತೊಳೆದಿರಲಿಲ್ಲ. ದೊಡ್ಡಮ್ಮ ಶುರು ಮಾಡಿದರು.

"ನೋಡಪ್ಪ, ನಾನು ಬಚ್ಚಲು ನೀರನ್ನ ಅವಳ ಹಿತ್ತಿಲಿಗೆ ಬಿಡೋಕೆ ಪೈಪ್ ತರಿಸಿದೀನಂತೆ. ಬೀದಿಯೆಲ್ಲಾ ಹೇಳ್ಕೊಂಡು ಬಂದಿದಾಳೆ. ಪೈಪೂ ಇಲ್ಲ ಗೀಪೂ ಇಲ್ಲ ಅಂತ ಹೇಳಿ ಬಾ ಹೋಗು."

ಹೋದೆ. ಚಿಕ್ಕಮ್ಮ ತಟ್ಟೆಗೆ ಎರಡು ನಿಪ್ಪಟ್ಟು ಹಾಕಿದರು. ಒಂದು ಮುರಿದು ಬಾಯಿಗಿಟ್ಟು, "ದೇವರಾಣೆಗೂ ಪೈಪಿಲ್ಲ ಚಿಕ್ಕಮ್ಮ, ನಾನೇ ಈಗ ಅಲ್ಲಿಂದ ಬರ್ತಿದೀನಿ" ಅಂದೆ. ಚಿಕ್ಕಮ್ಮ ಮಾತಾಡಲಿಲ್ಲ. ಕನ್ನಡಕ ಹುಡುಕಿದರು. ಸೆರಗಿನಿಂದ ಒರೆಸಿದರು. ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು.

ತಾರಸಿಯ ಮೇಲಿಂದ ತೆಗೆದ ಫೋಟೋ. ದೊಡ್ಡಮ್ಮನ ಹಿತ್ತಿಲು. ಒಂದು ಮೂಲೆಯಲ್ಲಿ ತೆಂಗಿನ ಗರಿ ಒಟ್ಟಿದೆ. ಚಿಕ್ಕಮ್ಮ ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದರು. ಗರಿಗಳ ಸಂದಿಯಿಂದ ನಾಲ್ಕಿಂಚಿನ ಪಿವಿಸಿ ಪೈಪಿನ ಬಾಯಿ ಇಣುಕುತ್ತಿತ್ತು. ಅದರ ಮೂತಿ ನೇರ ಚಿಕ್ಕಮ್ಮನ ಕನಕಾಂಬರದ ಗಿಡಗಳ ಕಡೆಗೆ. ಮೊಮ್ಮಗನ ಕೈಯಲ್ಲಿ ಕೆಂಪು ಬಣ್ಣದಲ್ಲಿ ಸುತ್ತ ಒಂದು ಗುಂಡು ಬೇರೆ ಹಾಕಿಸಿದ್ದರು. ನಿಪ್ಪಟ್ಟು ಗಂಟಲಲ್ಲೇ ನಿಂತಿತು.

ದೊಬ್ರಿನಿನ್‌ಗೆ ಆಗಿದ್ದೂ ಇದೇ. 1962ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಯ ಹತ್ತಿರ, ಅಮೆರಿಕದ ಮಗ್ಗುಲಲ್ಲೇ ಇರುವ ಕ್ಯೂಬಾದಲ್ಲಿ ನಾವು ದಾಳಿ ಮಾಡುವ ಕ್ಷಿಪಣಿ ಏನೂ ಇಟ್ಟಿಲ್ಲ ಅಂತ ಮಾತು ಕೊಟ್ಟಿದ್ದರು. ಸುಳ್ಳು ಹೇಳಿದ್ದಲ್ಲ. ಕ್ಷಿಪಣಿ ಸಾಗಿಸುತ್ತಿರುವ ವಿಷಯವನ್ನು ಮಾಸ್ಕೋದವರು ಅವರಿಗೇ ಹೇಳಿರಲಿಲ್ಲ! ಅಮೆರಿಕದವರು ಆಕಾಶದಿಂದ ಫೋಟೋ ತೆಗೆದರು. ಅಕ್ಟೋಬರ್ 22ರ ಸಂಜೆ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಇವರನ್ನು ಕರೆಸಿ, ಇನ್ನೊಂದು ಗಂಟೆಯಲ್ಲಿ ಕೆನಡಿ ಟೀವಿಯಲ್ಲಿ ಮಾಡಲಿದ್ದ ಭಾಷಣದ ಪ್ರತಿ ಕೈಗಿಟ್ಟರು. ನನ್ನ ಕಣ್ಣ ಮುಂದೆಯೇ ಆ ಮನುಷ್ಯನಿಗೆ ಹತ್ತು ವರ್ಷ ವಯಸ್ಸಾಯಿತು ಅಂತ ರಸ್ಕ್ ಆಮೇಲೆ ನೆನಪಿಸಿಕೊಂಡಿದ್ದಾರೆ.

ನನಗೆ ಎಷ್ಟು ವರ್ಷ ಆಯಿತೋ ಗೊತ್ತಿಲ್ಲ. ಚಿಕ್ಕಮ್ಮ ಮಾತ್ರ, "ಯಾಕೋ, ನೀರು ಕೊಡ್ಲಾ?" ಅಂದರು.

ನಾಲ್ಕು ಗಂಟೆಗೆ ಪ್ಲಂಬರ್ ಬರುತ್ತಾನೆ ಅನ್ನುವುದೂ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆಗ ಮೂರು ಕಾಲು. ಕೂತು ಮಾತಾಡಿದೆವು. ಚಿಕ್ಕಮ್ಮನ ಮಾವಿನ ಮರದ ಒಂದು ಕೊಂಬೆ ಗೋಡೆ ದಾಟಿ ದೊಡ್ಡಮ್ಮನ ಹೆಂಚಿನ ಮೇಲೆ ಚಾಚಿಕೊಂಡಿದೆ. ಕೋತಿಗಳಿಗೆ ಅದೇ ಸೇತುವೆ. ವರ್ಷಕ್ಕೆ ಏನಿಲ್ಲವೆಂದರೂ ಮೂವತ್ತು ಹೆಂಚು ಒಡೆಯುತ್ತವೆ. ಪೈಪಿನ ಸಿಟ್ಟು ಶುರುವಾಗಿದ್ದೇ ಅಲ್ಲಿಂದ. ಕೊನೆಗೆ ಚಿಕ್ಕಮ್ಮ ದನಿ ತಗ್ಗಿಸಿದರು. "ಪೈಪ್ ತೆಗೀಲಿ. ಮೂರು ತಿಂಗಳು ಬಿಟ್ಟು ಕೊಂಬೆ ಕಡಿಸ್ತೀನಿ. ಆದ್ರೆ ಅದಕ್ಕೋಸ್ಕರ ಇದು ಅಂತ ಯಾರೂ ಬಾಯಿ ಬಿಡಬಾರದು. ಕೊಂಬೆ ಒಣಗಿತ್ತು, ಕಡಿಸ್ದೆ, ಅಷ್ಟೇ."

ಅಕ್ಟೋಬರ್ 27ರ ರಾತ್ರಿ ರಾಬರ್ಟ್ ಕೆನಡಿ ದೊಬ್ರಿನಿನ್‌ಗೆ ಹೇಳಿದ್ದೂ ಹೆಚ್ಚುಕಡಿಮೆ ಹೀಗೇ. ನೀವು ಕ್ಯೂಬಾದಿಂದ ತೆಗೆಯಿರಿ, ನಿಮ್ಮ ಪಕ್ಕದ ಟರ್ಕಿಯಲ್ಲಿ ನಾವಿಟ್ಟಿರುವ ಕ್ಷಿಪಣಿಗಳನ್ನು ನಾಲ್ಕೈದು ತಿಂಗಳಲ್ಲಿ ತೆಗೆಯುತ್ತೇವೆ, ಆದರೆ ಗುಟ್ಟು. ಎರಡು ದಿನ ಬಿಟ್ಟು ದೊಬ್ರಿನಿನ್ ಈ ಮಾತನ್ನು ಕಾಗದದಲ್ಲಿ ತಗೊಂಡು ಹೋದರೆ ರಾಬರ್ಟ್ ಅದನ್ನು ವಾಪಸ್ ಕೊಟ್ಟುಬಿಟ್ಟರು. ಇಂಥ ಕಾಗದ ಹೊರಗೆ ಬಂದರೆ ತಮ್ಮ ರಾಜಕೀಯ ಮುಗಿದಂತೆ ಅಂತ ಅವರ ಭಯ. ಚಿಕ್ಕಮ್ಮನಿಗೆ ರಾಜಕೀಯ ಇಲ್ಲ. ಆದರೂ ನಾನು ಮೊಬೈಲಿಗೆ ಕೈ ಹಾಕಿದ ತಕ್ಷಣ, "ವಾಟ್ಸಾಪಲ್ಲಿ ಗೀಚಬೇಡ. ಸ್ಕ್ರೀನ್‌ಶಾಟ್ ತೆಗೆದು ಮದುವೆ ಮನೇಲಿ ತೋರಿಸ್ತಾರೆ" ಅಂದರು.

ದೊಡ್ಡಮ್ಮನಿಗೆ ಫೋನ್ ಮಾಡೋಣ ಅಂದರೆ ಅವರದು ಯಾವಾಗಲೂ ಸ್ವಿಚ್ ಆಫ್. ಚಾರ್ಜ್ ಉಳಿಯಲಿ ಅಂತ ಆಫ್ ಮಾಡಿ ದೇವರ ಗೂಡಿನಲ್ಲಿಡುತ್ತಾರೆ. ನಾನೇ ಏಳೋಣ ಅಂದರೆ ಚಿಕ್ಕಮ್ಮ ಬಿಡಲಿಲ್ಲ. ಮಾತಿನ ಮಧ್ಯೆ ಎದ್ದರೆ ಮಾತು ಮುರಿದ ಹಾಗಂತೆ. ಸರಿ, ಒಂದು ಚೀಟಿಯಲ್ಲಿ 'ಪೈಪ್ ಹಾಕಿಸಬೇಡಿ, ಬಂದು ಹೇಳ್ತೀನಿ' ಅಂತ ಬರೆದು, ಕೆಂಪು ಗುಂಡು ಹಾಕಿದ ಅದೇ ಮೊಮ್ಮಗನ ಕೈಗೆ ಕೊಟ್ಟೆ. ಗೋಡೆಗೆ ಬಾಗಿಲಿಲ್ಲವಲ್ಲ. ಬೀದಿ ಸುತ್ತಿ ಹೋಗಬೇಕು. ಅವನು ಸೈಕಲ್ ಹತ್ತಿ ಹೋದ.

ಕಾಲು ಗಂಟೆ ಆಯಿತು. ಸುದ್ದಿಯಿಲ್ಲ. ತಾರಸಿ ಹತ್ತಿ ನೋಡಿದೆ. ಪಕ್ಕದ ಖಾಲಿ ಸೈಟಿನಲ್ಲಿ ಸೈಕಲ್ ಮಲಗಿತ್ತು. ನಮ್ಮ ದೂತ ಬೌಲಿಂಗ್ ಮಾಡುತ್ತಿದ್ದ. ಚೀಟಿ ಚಡ್ಡಿ ಜೇಬಿನಲ್ಲಿ.

ಆಗ ನನಗೆ ದೊಬ್ರಿನಿನ್‌ರ ಸೈಕಲ್ ನೆನಪಾಗಿ ಒಂಥರಾ ಸಮಾಧಾನ ಆಯಿತು. ಜಗತ್ತೇ ಸುಟ್ಟುಹೋಗಬಹುದು ಅನ್ನುವ ಆ ದಿನಗಳಲ್ಲಿ ಸೋವಿಯತ್ ರಾಯಭಾರ ಕಚೇರಿಯಿಂದ ಮಾಸ್ಕೋಗೆ ಸುದ್ದಿ ಹೋಗುತ್ತಿದ್ದದ್ದು ಹೇಗೆ ಗೊತ್ತಾ? ಸಂದೇಶವನ್ನು ಗೂಢ ಅಂಕಿಗಳಲ್ಲಿ ಬರೆಯುವುದು. ವೆಸ್ಟರ್ನ್ ಯೂನಿಯನ್ ಎಂಬ ತಂತಿ ಕಂಪನಿಗೆ ಫೋನ್ ಮಾಡುವುದು. ಅಲ್ಲಿಂದ ಒಬ್ಬ ಹುಡುಗ ಸೈಕಲ್ ತುಳಿದುಕೊಂಡು ಬಂದು ಲಕೋಟೆ ತಗೊಂಡು ಹೋಗುವುದು. ಇವನು ದಾರಿಯಲ್ಲಿ ಯಾವುದಾದರೂ ಹುಡುಗಿಯ ಜೊತೆ ಹರಟೆಗೆ ನಿಲ್ಲದೆ ನೇರ ಹೋದರೆ ಸಾಕಪ್ಪ ಅಂತ ಕಚೇರಿಯವರೆಲ್ಲ ಬೇಡಿಕೊಳ್ಳುತ್ತಿದ್ದರಂತೆ! ಅತ್ತ ಮಾಸ್ಕೋದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಕೊಟ್ಟ ಒಂದು ಪತ್ರ ವಾಷಿಂಗ್ಟನ್ ಮುಟ್ಟಿ ಓದುವ ಹಾಗಾಗಲು ಹತ್ತಿರ ಹತ್ತಿರ ಹನ್ನೆರಡು ಗಂಟೆ ಹಿಡಿದಿತ್ತು. ಈ ತಂತಿಯ ಸಹವಾಸವೇ ಬೇಡ ಅಂತ 28ರಂದು ಅವರು ತಮ್ಮ ಉತ್ತರವನ್ನು ಮಾಸ್ಕೋ ರೇಡಿಯೋದಲ್ಲೇ ಓದಿಸಿಬಿಟ್ಟರು.

ನಮ್ಮಲ್ಲೂ ಹಾಗೇ ಆಯಿತು. ನಾನು ತಾರಸಿಯಿಂದ ಕೂಗಿದ್ದಕ್ಕೆ ಹುಡುಗ ಓವರ್ ಮುಗಿಸಿ ಚೀಟಿ ಮುಟ್ಟಿಸಿದ. ಅಷ್ಟರಲ್ಲಿ ಪ್ಲಂಬರ್ ಎಲ್ಬೋ ಹಿಡಿದು ನಿಂತಿದ್ದ. ಎರಡು ನಿಮಿಷ ಮೌನ. ಆಮೇಲೆ ದೊಡ್ಡಮ್ಮ ಹಿತ್ತಿಲಿನಲ್ಲಿ ನಿಂತು, ಪಕ್ಕದಲ್ಲೇ ಇದ್ದ ಪ್ಲಂಬರ್‌ಗೆ, ಮೂರು ಬೀದಿಗೆ ಕೇಳುವ ಹಾಗೆ, "ಏ, ಆ ಕಡೆ ಬೇಡ ಕಣಪ್ಪಾ! ಮೋರಿ ಕಡೆ ತಿರುಗಿಸು! ನಮಗ್ಯಾಕೆ ಊರಿನ ಉಸಾಬರಿ!" ಅಂದರು. ಚಿಕ್ಕಮ್ಮ ತಲೆ ಆಡಿಸಿ ಇನ್ನೊಂದು ನಿಪ್ಪಟ್ಟು ಹಾಕಿದರು.

ಆ ಗಲಾಟೆಯಿಂದ ಬುದ್ಧಿ ಕಲಿತು ಎರಡು ದೇಶದವರೂ 1963ರಲ್ಲಿ ಹಾಟ್‌ಲೈನ್ ಹಾಕಿಸಿಕೊಂಡರು. ಸಿನಿಮಾದಲ್ಲಿ ತೋರಿಸುವ ಕೆಂಪು ಫೋನ್ ಅಲ್ಲ, ಬರಹವನ್ನು ತಂತಿಯಲ್ಲಿ ಕಳಿಸುವ ಟೆಲಿಪ್ರಿಂಟರ್. ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ ಸುತ್ತಿ ಮಾಸ್ಕೋಗೆ ಹೋಗುವ ತಂತಿ. ಅದನ್ನೂ ಒಮ್ಮೆ ಫಿನ್ಲೆಂಡಿನ ರೈತನೊಬ್ಬ ಹೊಲ ಉಳುವಾಗ ಕಿತ್ತುಹಾಕಿದನಂತೆ. ನಮ್ಮ ಬೀದಿಯ ಜೆಸಿಬಿಯವನಿಗೆ ಇದನ್ನು ಹೇಳಬೇಕು. ಖುಷಿಪಡುತ್ತಾನೆ. ನಾನೂ ದೊಡ್ಡಮ್ಮನಿಗೆ ಹೊಸ ಮೊಬೈಲ್ ಕೊಡಿಸಿದೆ. ಅದೂ ಈಗ ದೇವರ ಗೂಡಿನಲ್ಲಿದೆ. ಕುಂಕುಮ ಇಟ್ಟಿದ್ದಾರೆ.

ಸಂಕ್ರಾಂತಿಗೆ ಹೋದಾಗ ಇನ್ನೊಂದು ಪೆಟ್ಟು ಬಿತ್ತು. ನಾನು ದೊಡ್ಡಮ್ಮನ ಮನೆಗೆ ಯಾವತ್ತೂ ಹಿತ್ತಿಲ ಬಾಗಿಲಿನಿಂದಲೇ ನುಗ್ಗುವವನು. ನೇರ ಅಡುಗೆಮನೆಗೆ, ಕಾಫಿ ಡಬ್ಬಿಯ ಪಕ್ಕಕ್ಕೆ. ಆ ದಿನ ಚಿಲಕ ಹಾಕಿತ್ತು. ಹೊಸ ಸೊಸೆ ಕಿಟಕಿಯಿಂದಲೇ, "ಭಾವ, ನೆಲ ಒರೆಸಿದೀನಿ, ಮುಂದ್ಗಡೆಯಿಂದ ಬನ್ನಿ" ಅಂದಳು. ಮರ್ಯಾದೆಯಾಗಿಯೇ ಅಂದಳು. ಆದರೂ ಇಪ್ಪತ್ತೆರಡು ವರ್ಷದ ಸರ್ವೀಸು, ಕೈಯಲ್ಲಿ ಎಳ್ಳುಬೆಲ್ಲದ ಚೀಲ ಹಿಡಿದು ಬೀದಿ ಸುತ್ತಿ ಬರುವಾಗ ಕಣ್ಣು ತುಂಬಿತು. ದೊಬ್ರಿನಿನ್‌ರ ಕಾರಿಗೂ ಅಮೆರಿಕದ ವಿದೇಶಾಂಗ ಇಲಾಖೆಯ ನೆಲಮಾಳಿಗೆಯ ಗ್ಯಾರೇಜಿಗೇ ಹೋಗುವ ಸಲುಗೆ ಇತ್ತು. ಅಲ್ಲಿಂದ ನೇರ ಲಿಫ್ಟ್. 1981ರಲ್ಲಿ ಅಲೆಕ್ಸಾಂಡರ್ ಹೇಗ್ ವಿದೇಶಾಂಗ ಕಾರ್ಯದರ್ಶಿಯಾಗಿ ಬಂದರು. ಒಂದು ದಿನ ಕಾವಲಿನವನು ಕಾರು ತಡೆದ. ಅಷ್ಟುದ್ದದ ಕಾರು ರಿವರ್ಸ್ ತಗೊಂಡು, ಸುತ್ತಿಬಳಸಿ, ಎಲ್ಲರ ಹಾಗೆ ಮುಂಬಾಗಿಲಿಗೆ ಹೋಗಬೇಕಾಯಿತು. ಈ ಒಂದು ವಿಷಯದಲ್ಲಿ ನಮ್ಮಿಬ್ಬರ ದುಃಖ ಅಕ್ಷರಶಃ ಒಂದೇ.

ಆ ಸಲವೇ ಕೊಂಬೆಯನ್ನೂ ಕಡಿಸಿದರು. ಹೇಳಿದ ಮಾತಿಗೆ ಸರಿಯಾಗಿ ಮೂರನೇ ತಿಂಗಳು. ಟರ್ಕಿಯ ವಿಷಯ 1982ರವರೆಗೆ ಅಮೆರಿಕದ ಯಾವ ದೊಡ್ಡ ಮನುಷ್ಯನೂ ಬಾಯಿಬಿಟ್ಟು ಒಪ್ಪಿಕೊಂಡಿರಲಿಲ್ಲ. ನಮ್ಮದು ಅಷ್ಟು ದಿನ ಬಾಳಲಿಲ್ಲ. ಕೊಂಬೆ ಕೆಳಗೆ ಬಿದ್ದ ಸಂಜೆಯೇ ನಾನು ಕಟ್ಟೆಯ ಮೇಲೆ ದೊಡ್ಡಪ್ಪ, ಚಿಕ್ಕಪ್ಪನ ಮುಂದೆ ಎಲ್ಲ ಉಸುರಿಬಿಟ್ಟೆ. ಇಬ್ಬರೂ ಪೇಪರ್ ಕೆಳಗಿಳಿಸಲಿಲ್ಲ. ಪೇಪರಿನ ಹಿಂದಿನಿಂದ ಚಿಕ್ಕಪ್ಪ, "ಆ ಪೈಪ್ ತಂದುಕೊಟ್ಟಿದ್ದು ನಾನೇ ಕಣೋ. ನಮ್ಮ ತೋಟಕ್ಕೆ ತಂದಿದ್ದರಲ್ಲಿ ಒಂದು ಉಳಿದಿತ್ತು" ಅಂದರು.

ನಿನ್ನೆ ರಾತ್ರಿ ದೊಡ್ಡಮ್ಮನ ಫೋನ್ ಬಂತು. ಅವರಾಗಿಯೇ ಫೋನ್ ಆನ್ ಮಾಡಿ, ನಂಬರ್ ಹುಡುಕಿ! ನನಗೆ ಆಗಲೇ ಎದೆ ಡವಡವ.

"ಭಾನುವಾರ ಬಂದು ಹೋಗಪ್ಪ. ಏನಿಲ್ಲ, ಸುಮ್ನೆ."

"ದೊಡ್ಡಮ್ಮ, ಹಿತ್ತಿಲಲ್ಲಿ ಏನಿಟ್ಟಿದೀರಿ?"

"ಏನಿಡ್ಲಿ? ಒಂದಷ್ಟು ಗರಿ ಇದೆ ಕಣೋ, ಅಷ್ಟೇ."