ನಾತಕ್ಕೊಂದು ಕ್ಯೂ

2025ರ ಜನವರಿಯಲ್ಲಿ ಸಿಡ್ನಿಯ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಒಂದು ಹೂ ಅರಳಿತು. ಟೈಟನ್ ಅರಮ್ ಅಂತ ಜಾತಿ, ಸುಮಾತ್ರಾ ಕಾಡಿನದು. ಇದಕ್ಕೆ ಪುಟ್ರಿಷಿಯಾ ಅಂತ ಮುದ್ದಿನ ಹೆಸರು. ಆ ತೋಟದಲ್ಲಿ ಈ ಜಾತಿ ಅರಳಿ ಹದಿನೈದು ವರ್ಷವಾಗಿತ್ತಂತೆ. ಕ್ಯಾಮೆರಾ ಇಟ್ಟು ನೇರಪ್ರಸಾರ ಬೇರೆ. ಊರಿಂದ ಬಂದಿದ್ದ ಅಮ್ಮ ಧಾರಾವಾಹಿ ಬಿಟ್ಟು ಅದನ್ನೇ ನೋಡುತ್ತಿದ್ದಳು. ಅದರಲ್ಲೂ ಕತೆ ಮುಂದಕ್ಕೆ ಹೋಗುತ್ತಿರಲಿಲ್ಲ, ಹಾಗಾಗಿ ವ್ಯತ್ಯಾಸ ಗೊತ್ತಾಗಲಿಲ್ಲ.

ಅರಳಿತು ಅಂತ ಸುದ್ದಿ ಬಂದದ್ದೇ ತಡ, ಎಲ್ಲರೂ ಹೊರಟೆವು. ಮೊದಲ ರಾತ್ರಿಯೇ ನಾತ ಜೋರು, ಆಮೇಲೆ ಇಳಿಯುತ್ತದೆ. ಕೊಳೆತ ಮಾಂಸ ಅಂತ ಮೋಸಹೋಗಿ ನೊಣ, ದುಂಬಿಗಳು ಬರಲಿ ಅಂತ ಹೂವಿನ ಈ ನಾಟಕ. ವಾಸನೆ ದೂರ ಹರಡಲೆಂದು ನಡುವಿನ ಕಂಬ ನಮ್ಮ ಮೈಯಷ್ಟೇ ಬಿಸಿಯಾಗುತ್ತದೆ. ಇಷ್ಟೆಲ್ಲ ಮಾಡಿದ್ದಕ್ಕೆ ಬಂದದ್ದು ಸುಮಾರು 20 ಸಾವಿರ ಮನುಷ್ಯರು!

ಕ್ಯೂ ನೋಡಿ ಅಮ್ಮ, "ಒಳಗೆ ಯಾವ ದೇವರೋ?" ಅಂದಳು.

ನನಗೆ ಅವತ್ತೇ ನೆಗಡಿ. ಮೂಗು ಎರಡೂ ಕಡೆ ಬಂದ್. ಗಂಟೆಗಟ್ಟಲೆ ನಿಂತು ಹತ್ತಿರ ಹೋದರೆ, ಹೊರಗೆ ಹಸಿರು, ಒಳಗೆ ಬೀಟ್‌ರೂಟ್ ಬಣ್ಣದ ನೆರಿಗೆ ನೆರಿಗೆ ಹೊದಿಕೆ. ಮುಂದಿದ್ದವರು ಓಕರಿಸುತ್ತಲೇ ಸೆಲ್ಫಿ ತೆಗೆದುಕೊಂಡರು. ಹೆಂಡತಿ ದುಪಟ್ಟಾದಲ್ಲಿ ಮುಖ ಹುದುಗಿಸಿದಳು. ನಾನು ಪಕ್ಕೆಲುಬು ನೋಯುವಷ್ಟು ಉಸಿರೆಳೆದೆ. ಬಂದದ್ದು ವಿಕ್ಸ್ ವಾಸನೆ. ಹಿಂದಿದ್ದ ಅಜ್ಜನೊಬ್ಬ ನನ್ನ ಧೈರ್ಯ ಮೆಚ್ಚಿ ಹೆಬ್ಬೆರಳೆತ್ತಿದ. ಸುಮ್ನೆ ತಲೆಯಾಡಿಸಿದೆ. ಬಿರುದು ಯಾಕೆ ಬಿಡೋದು?

ಅಮ್ಮ ಮೂಗು ಕೂಡ ಮುಚ್ಚಲಿಲ್ಲ. "ಅಲ್ವೋ, ಇದು ನಮ್ಮ ಸುವರ್ಣಗೆಡ್ಡೆ ಹೂವಿನ ನಾತ! ಕೊಟ್ಟಿಗೆ ಹಿಂದೆ ಅರಳಿದಾಗ, ಇಲಿ ಸತ್ತಿದೆ ಅಂತ ನಿನ್ನಜ್ಜಿ ಅಟ್ಟವೆಲ್ಲ ಹುಡುಕಿಸಿರಲಿಲ್ವಾ?"

ಅಮ್ಮ ಹೇಳಿದ್ದು ಸರಿಯೇ. ಎರಡೂ ಅಮಾರ್ಫೊಫ್ಯಾಲಸ್ ಕುಲದವು. ಒಂದಕ್ಕೆ ನೇರಪ್ರಸಾರ, ಇನ್ನೊಂದಕ್ಕೆ ಹುಳಿಯ ಪಾತ್ರೆ.

"ಗೆಡ್ಡೆ ಎಷ್ಟು ದಪ್ಪ ಇರತ್ತೆ ಕೇಳು" ಅಂತ ಅಮ್ಮ ತಿವಿದಳು. ಅಲ್ಲಿ ನಿಂತಿದ್ದ ಸಿಬ್ಬಂದಿ ಹುಡುಗಿಯನ್ನು ಕೇಳಿದೆ. ಈ ಜಾತಿಯಲ್ಲಿ 50 ಕಿಲೋ ದಾಟುವುದೂ ಉಂಟು ಅಂತ ಅವಳು ಹೆಮ್ಮೆಯಿಂದ ಹೇಳಿದಳು.

ಅಮ್ಮ ಹೂವನ್ನು ಬಿಟ್ಟು ಕುಂಡವನ್ನೇ ನೋಡತೊಡಗಿದಳು. "ಒಂದು ಮದುವೆಗೆ ಆಗತ್ತೆ. ತುರಿಸಿದ್ರೆ ಹುಣಸೆಹಣ್ಣು ಜಾಸ್ತಿ ಹಾಕಿದ್ರಾಯ್ತು."