ಊರು ಬಿಡುವ ಮುಂಚೆ ಕಾರನ್ನು ಮಲಗಿಸಿ ಹೋಗಿ

ಎಲೆಕ್ಟ್ರಿಕ್ ಕಾರು ಇರುವವರು ತಿಂಗಳುಗಟ್ಟಲೆ ಊರು ಬಿಟ್ಟು ಹೋಗಬೇಕಾದಾಗ ಕೇಳುವ ಪ್ರಶ್ನೆ ಒಂದೇ. ವಾಪಸ್ ಬರುವಷ್ಟರಲ್ಲಿ ಬ್ಯಾಟರಿ ಪೂರ್ತಿ ಇಳಿದಿರುತ್ತಾ? ಬ್ಯಾಟರಿ ತಾನಾಗಿ ಅಷ್ಟು ಬೇಗ ಇಳಿಯಲ್ಲ ಸ್ವಾಮಿ, ಅದನ್ನು ಖಾಲಿ ಮಾಡುವುದು ನಿದ್ದೆ ಮಾಡದ ಕಾರು. ಲಿಥಿಯಂ ಅಯಾನ್ ಸೆಲ್‌ಗಳನ್ನು ಸುಮ್ನೆ ಇಟ್ಟರೆ ತಿಂಗಳಿಗೆ ಹೋಗುವುದು ಶೇಕಡಾ ಎರಡೋ ಮೂರೋ ಅಷ್ಟೇ. ಅದೇ ಟೆಸ್ಲಾ ಕಂಪನಿಯವರು ನಿಂತ ಕಾರಿನಲ್ಲಿ ದಿನಕ್ಕೆ ಸುಮಾರು ಶೇ 1 ಇಳಿಯಬಹುದು ಅಂತ ತಾವೇ ಹೇಳುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ತಿನ್ನುವುದು ಕಾರಿನೊಳಗಿನ ಕಂಪ್ಯೂಟರ್, ಮೋಡೆಮ್, ಸೆನ್ಸರ್‌ಗಳು.

ಎಲ್ಲಕ್ಕಿಂತ ಜಾಸ್ತಿ ತಿನ್ನುವುದು ಕ್ಯಾಮೆರಾ ಕಾವಲು, ಅಂದರೆ ಸೆಂಟ್ರಿ ಮೋಡ್ ತರಹದ್ದು. ಅದಕ್ಕೆ 250 ವ್ಯಾಟ್ ಬೇಕು ಅಂತ ಇಟ್ಟುಕೊಳ್ಳಿ. ದಿನಕ್ಕೆ 6 ಯೂನಿಟ್ ಆಯಿತು. 60 ಯೂನಿಟ್‌ನ ಬ್ಯಾಟರಿ ಆದರೆ ದಿನಕ್ಕೆ ಶೇ 10! ಶೇ 80 ಇಟ್ಟು ಹೋದರೂ ಒಂದು ವಾರ ದಾಟಲ್ಲ, ಟೆಸ್ಲಾದಲ್ಲಿ ಶೇ 20ಕ್ಕೆ ಇಳಿದಾಗ ಅದು ತಾನಾಗಿ ಆಫ್ ಆಗುತ್ತದೆ, ಅಂದರೆ ಚಾರ್ಜೂ ಹೋಯಿತು, ಕಾವಲೂ ಹೋಯಿತು. ಬೀಗ ಇರುವ ಗ್ಯಾರೇಜಿನಲ್ಲಿ ನಿಲ್ಲಿಸಿ ಇದನ್ನು ಆನ್ ಇಟ್ಟು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಅರ್ಥವಾಗಲ್ಲ. ಕ್ಯಾಬಿನ್ ಬಿಸಿಯಾಗದಂತೆ ನೋಡುವ ಆಯ್ಕೆ, ಬೆಳಿಗ್ಗೆ ಇಷ್ಟು ಹೊತ್ತಿಗೆ ಎಸಿ ಆನ್ ಆಗಲಿ ಅಂತ ಹಾಕಿಟ್ಟ ಟೈಮರ್, ಇವನ್ನೂ ತೆಗೆದುಬಿಡಿ.

ಇನ್ನು ನಮ್ಮ ಕೈಚಳಕ. ಚಾರ್ಜ್ ಎಷ್ಟಿದೆ ನೋಡೋಣ ಅಂತ ದಿನಕ್ಕೆ ಹತ್ತು ಸಲ ಆ್ಯಪ್ ತೆರೆಯುವುದು, ಮಲಗಿದ ಮಗುವನ್ನು ಎಬ್ಬಿಸಿ ನಿದ್ದೆ ಬಂತಾ ಅಂತ ಕೇಳಿದ ಹಾಗೆ. ಹಲವು ಕಾರುಗಳು ಒಮ್ಮೆ ಎದ್ದರೆ ಮತ್ತೆ ಮಲಗುವುದಕ್ಕೆ ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಅಂಕಿಅಂಶ ತೋರಿಸುತ್ತೇವೆ ಅಂತ ಬೇರೆಯವರು ಮಾಡಿದ ಆ್ಯಪ್‌ಗೆ ಲಾಗಿನ್ ಕೊಟ್ಟಿದ್ದರೆ ಅದು ನಿಮ್ಮ ಪರವಾಗಿ ಹಗಲು ರಾತ್ರಿ ಎಬ್ಬಿಸುತ್ತಲೇ ಇರಬಹುದು. ಕೀಲೆಸ್ ಕೀಯನ್ನು ಕಾರಿನ ಪಕ್ಕದ ಗೋಡೆಗೆ ನೇತುಹಾಕುವ ಅಭ್ಯಾಸವೂ ಅಷ್ಟೇ.

ಆದರೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ದೊಡ್ಡ ಬ್ಯಾಟರಿ ಬಗ್ಗೆ ಅಲ್ಲವೇ ಅಲ್ಲ, ಚಿಕ್ಕ 12 ವೋಲ್ಟ್ ಬ್ಯಾಟರಿ ಬಗ್ಗೆ. ಅನ್‌ಲಾಕ್ ಒತ್ತಿದಾಗ ಮೊದಲು ಕೆಲಸ ಮಾಡುವುದು ಅದು. ಅದರ ಶಕ್ತಿಯಿಂದ ಕಂಪ್ಯೂಟರ್ ಏಳಬೇಕು, ಅದು ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇಯನ್ನು ಕೂಡಿಸಬೇಕು, ಟಕ್ ಅಂತ ಸದ್ದು ಬಂದ ಮೇಲೆಯೇ ದೊಡ್ಡ ಬ್ಯಾಟರಿ ಕಾರಿಗೆ ಸಿಗುವುದು. ಚಿಕ್ಕದು ಸತ್ತರೆ ದೊಡ್ಡದರಲ್ಲಿ ಶೇ 70 ಇದ್ದರೂ ಬಾಗಿಲು ತೆರೆಯದೇ ಇರಬಹುದು. ಕೆಲವು ಕಾರುಗಳಲ್ಲಂತೂ 12 ವೋಲ್ಟ್ ಬ್ಯಾಟರಿ ಇರುವುದೇ ಬಾನೆಟ್ ಒಳಗೆ, ಆ ಬಾನೆಟ್ ತೆರೆಯುವುದಕ್ಕೂ ಕರೆಂಟ್ ಬೇಕು. ಇದನ್ನು ಯಾರು ಯೋಚಿಸಿ ಮಾಡಿದರೋ! ಹಾಗಾಗಿ ಫಾಬ್ (ಬಟನ್ ಇರುವ ರಿಮೋಟ್ ಕೀ) ಒಳಗಿರುವ ಲೋಹದ ಕೀ ಎಲ್ಲಿ ಹಾಕಬೇಕು, ಬಾನೆಟ್ಟಿನ ತುರ್ತು ದಾರಿ ಎಲ್ಲಿದೆ ಅಂತ ಮ್ಯಾನುಯಲ್ ನೋಡಿ ತಿಳಿದುಕೊಂಡೇ ಹೊರಡಿ.

ಹಲವು ಕಾರುಗಳು ದೊಡ್ಡದರಿಂದ ಚಿಕ್ಕದಕ್ಕೆ ಆಗಾಗ ಚಾರ್ಜ್ ಹಾಕಿಕೊಳ್ಳುತ್ತವೆ, ಎಲ್ಲವೂ ಹಾಕಿಕೊಳ್ಳಲ್ಲ. ಹಳೆಯ ಲೆಡ್ ಆ್ಯಸಿಡ್ ಬ್ಯಾಟರಿ ಇದ್ದರೆ ಮಲ್ಟಿಮೀಟರ್ ಹಿಡಿದು ನೋಡಿ. ಕಾರು ಮಲಗಿದ ಮೇಲೆ 12.6 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ, 12ರ ಹತ್ತಿರ ಬಂದಿದ್ದರೆ ಹೊರಡುವ ಮೊದಲೇ ಬದಲಾಯಿಸಿ. ಮೈನಸ್ ಟರ್ಮಿನಲ್ ಬಿಚ್ಚಿಟ್ಟು ಹೋಗುವುದು ಒಳ್ಳೆಯ ದಾರಿಯೇ, ಆದರೆ ಮ್ಯಾನುಯಲ್ ಒಪ್ಪಿದರೆ ಮಾತ್ರ, ಮತ್ತು ಬಿಚ್ಚಿದ ಮೇಲೆ ಬಾನೆಟ್ ಮುಚ್ಚಿದರೆ ಮತ್ತೆ ತೆರೆಯುವುದು ಹೇಗೆ ಅಂತ ಗೊತ್ತಿದ್ದರೆ ಮಾತ್ರ.

ಚಾರ್ಜ್ ಎಷ್ಟಿಡಬೇಕು ಅನ್ನುವುದಕ್ಕೆ ಉತ್ತರ ಸುಲಭ. ಪ್ಲಗ್ ಹಾಕಿಟ್ಟು ಹೋಗಬಹುದಾದರೆ ಲಿಮಿಟ್ ಶೇ 50ಕ್ಕೆ ಇಡಿ. ಪ್ಲಗ್ ಇಲ್ಲದಿದ್ದರೆ ಶೇ 60-70 ಇರಲಿ, ಇಳಿಯುವುದಕ್ಕೆ ಜಾಗ ಬೇಕಲ್ವಾ. ಶೇ 100 ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಸೆಲ್‌ಗಳಿಗೆ ಬೇಗ ವಯಸ್ಸಾಗುತ್ತದೆ, ಸೊನ್ನೆಯ ಹತ್ತಿರ ಬಿಟ್ಟು ಹೋಗುವುದು ಅದಕ್ಕಿಂತ ಅಪಾಯ. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ವಾರಕ್ಕೊಮ್ಮೆ ಫುಲ್ ಮಾಡಿ ಅಂತ ಹೇಳುವುದು ಓಡಿಸುವ ದಿನಗಳಿಗೆ. ಅದರ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಸಮ ಇರುವುದರಿಂದ ಎಷ್ಟು ಉಳಿದಿದೆ ಅಂತ ಕಾರಿಗೆ ಲೆಕ್ಕ ತಪ್ಪುತ್ತದೆ, ಫುಲ್ ಆದಾಗ ಅದು ಸರಿಹೋಗುತ್ತದೆ. ನಿಲ್ಲಿಸಿಡುವಾಗ ಅದಕ್ಕೂ ಅರ್ಧವೇ ಸಾಕು.

ನನ್ನ ಸಿಟ್ಟು ಇರುವುದು ಕಂಪನಿಗಳ ಮೇಲೆ. ಇಷ್ಟೆಲ್ಲ ಆಯ್ಕೆಗಳನ್ನು ಐದಾರು ಮೆನುಗಳಲ್ಲಿ ಹುಡುಕಿ ಒಂದೊಂದಾಗಿ ಆಫ್ ಮಾಡುವ ಕೆಲಸ ಮಾಲೀಕನದ್ದು ಯಾಕಾಗಬೇಕು? ಕಾರ್ಖಾನೆಯಿಂದ ಶೋರೂಮಿಗೆ ಸಾಗಿಸುವಾಗ ಚಾರ್ಜ್ ಉಳಿಯಲಿ ಅಂತ ಹಲವರು ಟ್ರಾನ್ಸ್‌ಪೋರ್ಟ್ ಮೋಡ್ ಇಟ್ಟಿದ್ದಾರೆ, ಕಾರು ಗ್ರಾಹಕರ ಕೈಗೆ ಬಂದಾಗ ಅದನ್ನು ತೆಗೆದೇ ಕೊಡುತ್ತಾರೆ. ಅದನ್ನೇ ನಮಗೂ ಬಿಡಿ. ವಾಪಸ್ ಬರುವ ತಾರೀಕು ಕೇಳಲಿ, ಮಿಕ್ಕಿದ್ದನ್ನು ಕಾರೇ ಆಫ್ ಮಾಡಿಕೊಳ್ಳಲಿ. ಪರದೆಗೆ ಹೊಸ ಬಣ್ಣ, ಹೊಸ ಗೇಮ್ ಅಂತ ಅಪ್‌ಡೇಟ್ ಮೇಲೆ ಅಪ್‌ಡೇಟ್ ಕಳಿಸುವವರಿಗೆ ಇದೊಂದು ಬಟನ್ ಕಳಿಸುವುದು ಕಷ್ಟವೇನಲ್ಲ.