ಗುಲಾಬಿಗೊಂದು ಗೋಣಿಚೀಲ

ಕೊಡಗಿನವರಿಗೆ ತಮ್ಮ ಚಳಿಯ ಬಗ್ಗೆ ಸ್ವಲ್ಪ ಜಂಬ ಜಾಸ್ತಿ. ಬೆಂಗಳೂರಿನ ನೆಂಟರು ಸ್ವೆಟರ್ ಇಲ್ಲದೆ ಬಂದು ನಡುಗಿದರೆ ನಮಗೆ ಒಳಗೊಳಗೇ ಖುಷಿ. ಡಿಸೆಂಬರ್ ರಾತ್ರಿ ಮಡಿಕೇರಿಯಲ್ಲಿ 10 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು, ನಮ್ಮನೆಯವರು ಮಂಕಿ ಕ್ಯಾಪ್ ಎಳೆದುಕೊಂಡು, "ಇವತ್ತು ಮೈನಸ್ ಇರಬೇಕು ಕಣೇ" ಅನ್ನುತ್ತಾರೆ.

ಇವರ ತಲೆಗೆ ಗುಲಾಬಿ ಹುಳ ಬಿಟ್ಟವಳು ಅಮೆರಿಕದ ಮಿನೆಸೋಟಾದಲ್ಲಿರುವ ನನ್ನ ನಾದಿನಿ. ಅಲ್ಲಿ ನಿಜವಾಗಿಯೂ ಮೈನಸ್. ಸೊನ್ನೆಗಿಂತ 25-30 ಡಿಗ್ರಿ ಕೆಳಗೆ ಹೋಗುವುದುಂಟು. ಅಕ್ಟೋಬರ್‌ನಲ್ಲಿ ವಿಡಿಯೋ ಕಾಲ್ ಮಾಡಿ ತನ್ನ ಗುಲಾಬಿಗಳನ್ನು ಚಳಿಗಾಲಕ್ಕೆ ಸಿದ್ಧ ಮಾಡುವುದನ್ನು ತೋರಿಸಿದಳು. ಕೊಂಬೆಗಳನ್ನೆಲ್ಲ ಹುರಿಯಿಂದ ಒಟ್ಟಿಗೆ ಬಿಗಿದಳು. ಪಕ್ಕದಲ್ಲಿ ಉದ್ದಕ್ಕೆ ಗುಂಡಿ ತೋಡಿದ್ದಳು. ಬುಡದ ಮಣ್ಣು ಸಡಿಲಿಸಿ, ಗಿಡವನ್ನು ಮೆಲ್ಲಗೆ ಬಗ್ಗಿಸಿ ಅದರಲ್ಲಿ ಮಲಗಿಸಿದಳು. ಮೇಲೆ ಮಣ್ಣು, ಅದರ ಮೇಲೆ ಒಣಗಿದ ಎಲೆ. ಏಪ್ರಿಲ್‌ನಲ್ಲಿ ಎಬ್ಬಿಸಿ ನಿಲ್ಲಿಸುತ್ತಾಳಂತೆ. ಈ ಪದ್ಧತಿಗೆ 'ಮಿನೆಸೋಟಾ ಟಿಪ್' ಅಂತಲೇ ಹೆಸರು.

"ಜೀವ ಇರೋ ಗಿಡಾನ ಹೂಳ್ತಿದ್ದೀಯಲ್ಲೇ!" ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು.

"ಮಣ್ಣಿನ ಕೆಳಗೆ ಬೆಚ್ಚಗಿರುತ್ತಮ್ಮಾ. ಕಸಿ ಕಟ್ಟಿದ ಗಂಟು ಚಳಿಗೆ ಸತ್ತರೆ ಮುಗೀತು. ಆಮೇಲೆ ಬೇರಿನಿಂದ ಚಿಗುರೋದು ಬರೀ ಕಾಡುಗುಲಾಬಿ."

ಗಿಡ ಬಗ್ಗಿಸಲಾಗದವರು ಬುಡಕ್ಕೆ ಒಂದಡಿ ಎತ್ತರ ಮಣ್ಣು ಏರಿಸುತ್ತಾರೆ ಅಂತಲೂ ಹೇಳಿದಳು. ನಮ್ಮನೆಯವರು ಕಾಳುಮೆಣಸಿನ ಲೆಕ್ಕದ ಡೈರಿಯಲ್ಲಿ ಅದನ್ನೆಲ್ಲ ಬರೆದುಕೊಂಡರು. ಆಗಲೇ ನನಗೆ ಅನುಮಾನ ಬಂದಿತ್ತು.

"ನಮ್ಮಲ್ಲಿ ಹೂಳುವಷ್ಟು ಚಳಿ ಇಲ್ಲ, ಹೊದಿಸುವಷ್ಟಿದೆ" ಎಂದು ತೀರ್ಪು ಬಂತು. ನವೆಂಬರ್ ಕೊನೆಯಲ್ಲಿ ಗೇಟಿನ ಪಕ್ಕದ ಗಿಡಗಳಿಗೆಲ್ಲ ಗೋಣಿಚೀಲ ಏರಿತು. ಒಳಗೆ ಸಿಲ್ವರ್ ಓಕ್ ತರಗೆಲೆ ತುಂಬಿಸಿದ್ದಾಯಿತು. ಮಳೆ ಮುಗಿದ ಮೇಲೆ ಸವರಿದ ಗಿಡಗಳು, ಆಗಷ್ಟೇ ಮೊಗ್ಗು ಬಿಟ್ಟಿದ್ದವು. ಮಳೆಗಾಲವಿಡೀ ಎಲೆ ಉದುರಿಸಿಕೊಂಡು ಸೊರಗಿದ್ದ ಎಡ್ವರ್ಡ್ ಗುಲಾಬಿ ಕೂಡ ಕೆಂಪು ಚಿಗುರು ಹೊಡೆದಿತ್ತು. ನಾನು ಮೊಗ್ಗು ತೋರಿಸಿದೆ. "ಅದಕ್ಕೇ ಕಣೇ, ಪಾಪ, ಎಳೇದು" ಅಂದರು. ಏನು ಹೇಳೋದು?

ಹುತ್ತರಿಗೆ ಬಂದ ಇವರ ಚಿಕ್ಕಪ್ಪ ರಾತ್ರಿ ಮಂಜಿನಲ್ಲಿ ಜೀಪ್ ನಿಲ್ಲಿಸಿ ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಹೊರಗೆ ನಿಂತು ಮಾತಾಡುತ್ತಿದ್ದಾರೆ. "ಚಳೀಲಿ ಯಾಕ್ರಪ್ಪಾ ಕೂತಿದ್ದೀರಿ, ಒಳಗೆ ಬನ್ನಿ ಅಂತ ಆಗಿಂದ ಕರೀತಿದ್ದೀನಿ. ಒಬ್ಬನೂ ಏಳಲ್ಲ. ಕುಡಿದಿದ್ದಾರಾ?"

ಗುಲಾಬಿಗಳ ಪರವಾಗಿ ನಾನೇ ಕ್ಷಮೆ ಕೇಳಿದೆ.

ಅಷ್ಟರಲ್ಲಿ ಅರೇಬಿಕಾ ಕುಯ್ಲು ಜೋರಾಯಿತು. ಹಣ್ಣು ತುಂಬಲು ಚೀಲ ಸಾಲಲಿಲ್ಲ. ಮೇಸ್ತ್ರಿ ಸೀದಾ ಗೇಟಿಗೆ ಬಂದು, "ಅಕ್ಕಾ, ಒಳ್ಳೊಳ್ಳೆ ಚೀಲವೆಲ್ಲ ಇಲ್ಲೇ ಇದೆಯಲ್ಲ" ಎಂದು ಒಂದೊಂದಾಗಿ ಬಿಚ್ಚಿಕೊಂಡು ಹೋದ. ಒಳಗೆ ನೋಡುವ ಹಾಗಿರಲಿಲ್ಲ. ತರಗೆಲೆಗೆ ಗೆದ್ದಲು ಹತ್ತಿತ್ತು. ಚಿಗುರು ಬಿಳಿಚಿತ್ತು. ಮೊಗ್ಗುಗಳು ಬೂಷ್ಟು ಹಿಡಿದು ಕೊಳೆತಿದ್ದವು. ಚೀಲ ಸಾಲದೆ ಬಿಟ್ಟಿದ್ದ ಬಾವಿಕಟ್ಟೆ ಗಿಡದ ತುಂಬ ಮಾತ್ರ ಹೂವೋ ಹೂವು. ಬಿಸಿಲಿನ ಹಗಲು, ತಂಪು ರಾತ್ರಿ. ಗುಲಾಬಿಗೆ ಇನ್ನೇನು ಬೇಕು, ಅಲ್ವಾ?

ನಾದಿನಿಗೆ ಫೋಟೋ ಹೋಯಿತು. ಕಳಿಸಿದ್ದು ನಾನಲ್ಲ, ಅತ್ತೆ.

"ಅಣ್ಣಾ, 10 ಡಿಗ್ರಿ ಇದ್ದರೆ ನಾವಿಲ್ಲಿ ಜಾಕೆಟ್ ಬಿಚ್ಚಿ ಓಡಾಡ್ತೀವಿ! ನಾವು ಮುಚ್ಚೋದು ನಿದ್ದೆಗೆ ಹೊರಟ ಗಿಡಾನ. ನಿನ್ನದು ಈಗಷ್ಟೇ ಎದ್ದು ಕೂತಿತ್ತು."

ಇಷ್ಟಾದರೂ ಇವರು ಸೋಲೊಪ್ಪಲಿಲ್ಲ. ನಮ್ಮ ಗುಲಾಬಿಗೆ ಶತ್ರು ಚಳಿಯಲ್ಲ, ಮಳೆ ಎಂದು ಈಗ ಊರಿಗೆಲ್ಲ ಹೇಳುತ್ತಿದ್ದಾರೆ. ಅದೇನೋ ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವುದೇ ಇಲ್ಲ. ಕಪ್ಪು ಚುಕ್ಕೆ ರೋಗ ಬಂದು ಗಿಡ ಬೋಳಾಗುತ್ತದೆ. ನಾನು ಇದನ್ನು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ, ಇರಲಿ ಬಿಡಿ.

ಮೊನ್ನೆ ಅಟ್ಟದಿಂದ ಪ್ಲಾಸ್ಟಿಕ್ ಹಾಳೆ ಇಳಿಸಿ, ಗುಲಾಬಿಗೆ ಚಪ್ಪರ ಹಾಕಲು ಅಳತೆ ತೆಗೆಯುತ್ತಿದ್ದರು. ಅತ್ತೆ ಬಂದು ಹಾಳೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಇದು ಸೌದೆಗೆ. ಸೌದೆ ನೆನೆದರೆ ಬಿಸಿನೀರಿಲ್ಲ. ಗುಲಾಬಿ ನೆನೆಯುತ್ತೆ ಅಂದ್ರೆ ನೀನೇ ಕೊಡೆ ಹಿಡ್ಕೊಂಡು ನಿಂತ್ಕೋ."